ಮನೆಯಲ್ಲೇ ಕಟ್ಟುವ ಡಯೋಡ್ ಆಡಿಯೋ ಕಂಪ್ರೆಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು, ಗುಬ್ಬಿ, ಕುಣಿಗಲ್, ತುರುವೇಕೆರೆ ಕಡೆ ಮೈಕ್ ಸೆಟ್ ಇಟ್ಟುಕೊಂಡವರು, ಇಲ್ಲಿನ ಇಂಜಿನಿಯರಿಂಗ್ ಕಾಲೇಜುಗಳ ಹುಡುಗ ಹುಡುಗಿಯರು, ಮನೆಯಲ್ಲಿ ಹಾಡು ರೆಕಾರ್ಡ್ ಮಾಡುವವರು ನನ್ನನ್ನು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸೋಲ್ಡರಿಂಗ್ ಬರುತ್ತದೆ, ಆಪ್‌ಆಂಪ್ ಅಂದರೆ ಏನು ಅಂತ ಗೊತ್ತು ಅನ್ನುವವರಿಗೆ ಇದು ಸಾಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡಯೋಡಿನ ಮೇಲೆ ಬೀಳುವ ಸಿಗ್ನಲ್ ಸಣ್ಣದಾಗಿರಬೇಕು. ಕೆಳಗಿನ ಉತ್ತರಗಳಲ್ಲಿ ಮುಕ್ಕಾಲು ಪಾಲು ಈ ಒಂದು ಮಾತಿನಿಂದಲೇ ಹುಟ್ಟಿದವು.

ಕಂಪ್ರೆಸರ್ ಏನು ಮಾಡುತ್ತದೆ? ನಮ್ಮೂರ ನಾಟಕಕ್ಕೆ ಅದು ಯಾಕೆ ಬೇಕು?

ಸದ್ದು ಒಂದು ಮಟ್ಟ ದಾಟಿದಾಗ ಕಂಪ್ರೆಸರ್ ತಾನೇ ವಾಲ್ಯೂಮ್ ಇಳಿಸುತ್ತದೆ. ಸದ್ದು ತಗ್ಗಿದ ಮೇಲೆ ಮತ್ತೆ ಮೊದಲಿನ ಮಟ್ಟಕ್ಕೆ ತರುತ್ತದೆ.

ನಮ್ಮ ಕಡೆಯ ಪೌರಾಣಿಕ ನಾಟಕ ನೋಡಿದವರಿಗೆ ಇದರ ಅಗತ್ಯ ಹೇಳಿ ಕೊಡಬೇಕಿಲ್ಲ. ರಂಗದ ಮೇಲೆ ಎರಡೋ ಮೂರೋ ಮೈಕ್ ತೂಗುಹಾಕಿರುತ್ತಾರೆ. ದ್ರೌಪದಿ ಮೆಲ್ಲಗೆ ಮಾತಾಡುತ್ತಾಳೆ, ಅದು ಕೇಳಲಿ ಅಂತ ವಾಲ್ಯೂಮ್ ಏರಿಸುತ್ತಾರೆ. ಮರುಕ್ಷಣ ದುರ್ಯೋಧನ ಬಂದು ಮೈಕಿನ ಹತ್ತಿರವೇ ಗರ್ಜಿಸುತ್ತಾನೆ. ಹಾರನ್ ಒಡೆದು ಕೇಳುತ್ತದೆ. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಳ್ಳುತ್ತಾರೆ. ಗುಬ್ಬಿ ನಾಟಕ ಕಂಪನಿ 1884ರಲ್ಲಿ ಶುರುವಾದಾಗ ರಂಗದ ಮೇಲೆ ಮೈಕ್ ಅನ್ನುವುದೇ ಇರಲಿಲ್ಲ. ಕೊನೆಯ ಸಾಲಿಗೂ ಕೇಳುವಂತೆ ಎದೆಯಿಂದ ಮಾತು ಎತ್ತುವುದೇ ಆಗ ನಟನ ಕಸುಬು. ಆ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಜೀವಂತವಾಗಿದೆ, ಇರಬೇಕು ಕೂಡ. ಹಾಗಾಗಿ ನಟನಿಗೆ ಮೆಲ್ಲಗೆ ಮಾತಾಡು ಅನ್ನುವ ಬದಲು ಮೈಕಿನ ದಾರಿಯಲ್ಲಿ ಒಂದು ಸಣ್ಣ ಪೆಟ್ಟಿಗೆ ಇಡುವುದು ಮೇಲು ಅಂತ ನನ್ನ ಅಭಿಪ್ರಾಯ.

ಡಯೋಡ್ ಹೇಗೆ ವಾಲ್ಯೂಮ್ ಇಳಿಸುತ್ತದೆ?

ಡಯೋಡಿನಲ್ಲಿ ಸ್ವಲ್ಪ ಡಿಸಿ ಕರೆಂಟ್ ಹರಿಯಬಿಟ್ಟರೆ, ಸಣ್ಣ ಆಡಿಯೋ ಸಿಗ್ನಲ್ ಅದನ್ನು ಒಂದು ರೆಸಿಸ್ಟರ್ ಅಂತಲೇ ಕಾಣುತ್ತದೆ. ಕರೆಂಟ್ ಹೆಚ್ಚಿಸಿದಷ್ಟೂ ಆ ರೆಸಿಸ್ಟರಿನ ಬೆಲೆ ಇಳಿಯುತ್ತದೆ. 1ಎನ್4148 ಡಯೋಡಿನಲ್ಲಿ 10 ಮೈಕ್ರೊಆಂಪ್ ಹರಿದರೆ ಸುಮಾರು 5,000 ಓಮ್. 100 ಮೈಕ್ರೊಆಂಪಿಗೆ ಸುಮಾರು 500 ಓಮ್. 1 ಮಿಲಿಆಂಪಿಗೆ ಸುಮಾರು 50 ಓಮ್. ಅಂದರೆ ಕರೆಂಟಿನಿಂದ ತಿರುಗಿಸುವ ವಾಲ್ಯೂಮ್ ಕಂಟ್ರೋಲ್ ನಮಗೆ ಸಿಕ್ಕಿತು.

ಇನ್ನೊಂದು ಒಳ್ಳೆಯ ಗುಣ ಇದೆ. ಈ ಡಯೋಡಿನ ವೋಲ್ಟೇಜ್ ಸುಮಾರು 110 ಮಿಲಿವೋಲ್ಟ್ ಏರಿದರೆ ಕರೆಂಟ್ ಹತ್ತು ಪಟ್ಟು ಆಗುತ್ತದೆ. ಹತ್ತು ಪಟ್ಟು ಅಂದರೆ 20 ಡಿಬಿ (ಡೆಸಿಬೆಲ್, ಸದ್ದಿನ ಏರಿಳಿತದ ಅಳತೆ). ಕಂಟ್ರೋಲ್ ವೋಲ್ಟೇಜ್ ಸಮವಾಗಿ ಏರಿದರೆ ವಾಲ್ಯೂಮ್ ಡಿಬಿ ಲೆಕ್ಕದಲ್ಲಿ ಸಮವಾಗಿ ಇಳಿಯುತ್ತದೆ. ನಮ್ಮ ಕಿವಿಗೂ ಇದೇ ಲೆಕ್ಕ ಒಗ್ಗುತ್ತದೆ.

ಎರಡು ಡಯೋಡನ್ನು ತಿರುಗಾಮುರುಗಾ ಜೋಡಿಸಿ ಸಿಗ್ನಲ್‌ಗೆ ಅಡ್ಡ ಹಾಕಿದರೆ ಸಾಕಲ್ವಾ?

ಸಾಲದು. ಅದು ಕ್ಲಿಪ್ಪರ್. ಸಿಗ್ನಲ್ ಅರ್ಧ ವೋಲ್ಟ್ ದಾಟಿದ ಕೂಡಲೇ ಅಲೆಯ ತಲೆ ಕತ್ತರಿಸುತ್ತದೆ. ಗಿಟಾರ್ ಪೆಡಲ್‌ಗೆ ಆ ಒರಟು ಬೇಕು, ಕಂದಪದ್ಯಕ್ಕೆ ಬೇಡ. ಕಂಪ್ರೆಸರ್ ಅಲೆಯ ಆಕಾರ ಮುಟ್ಟಬಾರದು, ಇಡೀ ಅಲೆಯನ್ನೇ ಚಿಕ್ಕದು ಮಾಡಬೇಕು. ಅದಕ್ಕೆ ಸದ್ದನ್ನು ಅಳೆದು ಕಂಟ್ರೋಲ್ ವೋಲ್ಟೇಜ್ ಕೊಡುವ ಬೇರೆ ದಾರಿ ಬೇಕು. ಅದನ್ನು ಸೈಡ್‌ಚೈನ್ ಅನ್ನುತ್ತಾರೆ.

ಇದು ಹೊಸ ಐಡಿಯಾನಾ?

ಅಲ್ಲ. ಇಂಗ್ಲೆಂಡಿನ ನೀವ್ ಕಂಪನಿಯ 2254 ಕಂಪ್ರೆಸರ್ 1969ರದ್ದು, ಅದರ ಹೃದಯದಲ್ಲಿ ಡಯೋಡ್ ಬ್ರಿಡ್ಜ್ ಇದೆ. ಹೆಚ್ಚುಕಡಿಮೆ ಅದೇ ಸಮಯದಲ್ಲಿ ಲಂಡನ್ನಿನ ಆಬ್ಬಿ ರೋಡ್ ಸ್ಟುಡಿಯೋಗೆ ಬಂದ ಇಎಂಐ ಮಿಕ್ಸರಿನ ಲಿಮಿಟರ್‌ಗಳೂ ಡಯೋಡಿನವೇ. ನಾವು ಕಟ್ಟುವುದು ಅದೇ ತತ್ವದ ಸರಳ ರೂಪ. ಅವರಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು, ನಮ್ಮಲ್ಲಿ ಅಗ್ಗದ ಆಪ್‌ಆಂಪ್ ಇದೆ.

ಸರ್ಕ್ಯೂಟ್ ಪೂರ್ತಿ ಹೇಳಿ.

ಪೆನ್ಸಿಲ್, ಹಾಳೆ ಹತ್ತಿರ ಇಟ್ಟುಕೊಳ್ಳಿ. ಒಂದೊಂದೇ ಬರೆದುಕೊಂಡರೆ ನಕ್ಷೆ ತಾನಾಗಿ ಮೂಡುತ್ತದೆ.

ಮೊದಲು ಆಡಿಯೋ ದಾರಿ. ಇನ್‌ಪುಟ್‌ನಿಂದ 1 ಮೈಕ್ರೊಫ್ಯಾರಡ್ ಕೆಪಾಸಿಟರ್, ಅಲ್ಲಿಂದ ನೆಲಕ್ಕೆ (ಗ್ರೌಂಡ್) 47ಕೆ (ಕಿಲೋಓಮ್) ರೆಸಿಸ್ಟರ್, ಆಮೇಲೆ ಎರಡು ಆಪ್‌ಆಂಪ್ ಇರುವ ಐಸಿ ಎನ್ಇ5532ರ ಮೊದಲ ಅರ್ಧ. ಇದು ಬರೀ ಬಫರ್, ಸಿಗ್ನಲನ್ನು ಹಾಗೇ ಮುಂದೆ ಕೊಡುತ್ತದೆ. ಬಫರಿನ ಔಟ್‌ಪುಟ್‌ನಿಂದ 22ಕೆ ರೆಸಿಸ್ಟರ್ ಹೊರಟು ಒಂದು ಬಿಂದು ಸೇರುತ್ತದೆ. ಇದನ್ನು ಕೂಡುಬಿಂದು ಅನ್ನೋಣ. ಕೂಡುಬಿಂದುವಿನಿಂದ ನೆಲಕ್ಕೆ 470 ಓಮ್. ಇನ್‌ಪುಟ್‌ನಲ್ಲಿ 1 ವೋಲ್ಟ್ ಪೀಕ್ ಇದ್ದರೆ ಇಲ್ಲಿ ಸುಮಾರು 21 ಮಿಲಿವೋಲ್ಟ್ ಉಳಿಯುತ್ತದೆ.

ಕೂಡುಬಿಂದು ಎನ್ಇ5532ರ ಎರಡನೇ ಅರ್ಧದ ಪ್ಲಸ್ ಕಾಲಿಗೆ ಹೋಗುತ್ತದೆ. ಅದರ ಫೀಡ್‌ಬ್ಯಾಕ್‌ಗೆ 47ಕೆ. ಮೈನಸ್ ಕಾಲಿನಿಂದ ನೆಲಕ್ಕೆ 1ಕೆ, ಅದರ ಜೊತೆ ಸೀರೀಸ್‌ನಲ್ಲಿ 47 ಮೈಕ್ರೊಫ್ಯಾರಡ್. ಗೇನ್ 48. ಕಳೆದುಕೊಂಡದ್ದೆಲ್ಲ ಇಲ್ಲಿ ವಾಪಸ್ ಬರುತ್ತದೆ, ಕಂಪ್ರೆಷನ್ ಇಲ್ಲದಾಗ ಒಟ್ಟು ಗೇನ್ ಒಂದಕ್ಕೆ ಒಂದು. ಔಟ್‌ಪುಟ್‌ಗೆ 100 ಓಮ್, 10 ಮೈಕ್ರೊಫ್ಯಾರಡ್.

ಈಗ ಸೈಡ್‌ಚೈನ್. ಎರಡನೇ ಆಪ್‌ಆಂಪಿನ ಔಟ್‌ಪುಟ್‌ನಿಂದ 10ಕೆ ಪಾಟ್ (ತಿರುಗಿಸುವ ರೆಸಿಸ್ಟರ್). ಇದು ಥ್ರೆಶೋಲ್ಡ್, ಅಂದರೆ ಯಾವ ಮಟ್ಟದಿಂದ ವಾಲ್ಯೂಮ್ ಇಳಿಸಬೇಕು ಅನ್ನುವುದು. ಪಾಟಿನ ನಡುಗಾಲು ಟಿಎಲ್072ರ ಒಂದು ಆಪ್‌ಆಂಪಿನ ಪ್ಲಸ್‌ಗೆ. ಅದರ ಔಟ್‌ಪುಟ್‌ನಿಂದ ಒಂದು 1ಎನ್4148, ಆನೋಡ್ ಆಪ್‌ಆಂಪಿನ ಕಡೆ. ಕ್ಯಾಥೋಡ್ ಅದೇ ಆಪ್‌ಆಂಪಿನ ಮೈನಸ್‌ಗೆ ವಾಪಸ್. ಇದು ನಿಖರವಾದ ರೆಕ್ಟಿಫೈಯರ್, ಅಲೆಯ ಪ್ಲಸ್ ಭಾಗವನ್ನು ಮಾತ್ರ ದಾಟಿಸುತ್ತದೆ. ಕ್ಯಾಥೋಡಿನಿಂದ ನೆಲಕ್ಕೆ 220ಕೆ ರೆಸಿಸ್ಟರ್ ಮತ್ತು 1 ಮೆಗಾಓಮ್ ಪಾಟ್ ಸೀರೀಸ್‌ನಲ್ಲಿ. ಇದು ರಿಲೀಸ್, ಅಂದರೆ ಸದ್ದು ತಗ್ಗಿದ ಮೇಲೆ ವಾಲ್ಯೂಮ್ ಎಷ್ಟು ಬೇಗ ವಾಪಸ್ ಬರಬೇಕು ಅನ್ನುವುದು. ಅದೇ ಕ್ಯಾಥೋಡಿನಿಂದ 470 ಓಮ್ ಮತ್ತು 10ಕೆ ಪಾಟ್ ದಾಟಿ 4.7 ಮೈಕ್ರೊಫ್ಯಾರಡ್ ಕೆಪಾಸಿಟರ್, ಅದರ ಇನ್ನೊಂದು ಕಾಲು ನೆಲಕ್ಕೆ. ಇದು ಅಟ್ಯಾಕ್, ಅಂದರೆ ಸದ್ದು ಜೋರಾದಾಗ ವಾಲ್ಯೂಮ್ ಎಷ್ಟು ಬೇಗ ಇಳಿಯಬೇಕು ಅನ್ನುವುದು.

ಕೆಪಾಸಿಟರಿನ ವೋಲ್ಟೇಜನ್ನು ಟಿಎಲ್072ರ ಇನ್ನೊಂದು ಅರ್ಧ ಬಫರ್ ಮಾಡುತ್ತದೆ. ಇದು ಪ್ಲಸ್ ಕಂಟ್ರೋಲ್. ಎರಡನೇ ಟಿಎಲ್072ರ ಒಂದು ಅರ್ಧ ಅದನ್ನೇ ತಿರುಗಿಸಿ ಮೈನಸ್ ಕಂಟ್ರೋಲ್ ಮಾಡುತ್ತದೆ. ಇನ್‌ಪುಟ್ ರೆಸಿಸ್ಟರ್ 10ಕೆ, ಫೀಡ್‌ಬ್ಯಾಕ್‌ನಲ್ಲಿ 9.1ಕೆ ಜೊತೆ ಸೀರೀಸ್‌ನಲ್ಲಿ 2ಕೆ ಪ್ರೀಸೆಟ್ (ಒಮ್ಮೆ ಹೊಂದಿಸಿ ಬಿಡುವ ಚಿಕ್ಕ ಪಾಟ್). ಪ್ಲಸ್ ಕಂಟ್ರೋಲ್‌ನಿಂದ 47 ಓಮ್, ಡಯೋಡ್, ಕೂಡುಬಿಂದು. ಕೂಡುಬಿಂದುವಿನಿಂದ ಇನ್ನೊಂದು ಡಯೋಡ್, 47 ಓಮ್, ಮೈನಸ್ ಕಂಟ್ರೋಲ್. ಎರಡೂ ಡಯೋಡ್ ಒಂದೇ ದಿಕ್ಕಿಗೆ ಮುಖ ಮಾಡಿರಬೇಕು. ಕರೆಂಟ್ ಪ್ಲಸ್‌ನಿಂದ ಹೊರಟು ಎರಡನ್ನೂ ದಾಟಿ ಮೈನಸ್ ಸೇರುತ್ತದೆ. ಎರಡೂ ಸಮ ಇದ್ದರೆ ಕೂಡುಬಿಂದುವಿನ ಡಿಸಿ ಸೊನ್ನೆಯಲ್ಲೇ ನಿಲ್ಲುತ್ತದೆ. 47 ಓಮ್ ಇರುವುದರಿಂದ ವಾಲ್ಯೂಮ್ ಇಳಿತ ಸುಮಾರು 26 ಡಿಬಿಗೆ ಮುಗಿಯುತ್ತದೆ, ಡಯೋಡ್‌ಗಳೂ ಸುರಕ್ಷಿತ.

ಉಳಿದ ಒಂದು ಅರ್ಧ ಆಪ್‌ಆಂಪನ್ನು ಸುಮ್ನೆ ತೇಲಲು ಬಿಡಬೇಡಿ. ಪ್ಲಸ್ ನೆಲಕ್ಕೆ, ಔಟ್‌ಪುಟ್ ಮೈನಸ್‌ಗೆ ಜೋಡಿಸಿ. ಪ್ರತಿ ಐಸಿ ಪಕ್ಕದಲ್ಲೂ ಎರಡೂ ಸಪ್ಲೈ ಕಾಲುಗಳಿಂದ ನೆಲಕ್ಕೆ 0.1 ಮೈಕ್ರೊಫ್ಯಾರಡ್ ಹಾಕಿ.

ಸಿಗ್ನಲನ್ನು ಅಷ್ಟು ಸಣ್ಣದು ಮಾಡಿ ಮತ್ತೆ 48 ಪಟ್ಟು ಏರಿಸುವುದು ಯಾಕೆ? ನೇರ 1 ವೋಲ್ಟ್ ಕೊಡಬಾರದಾ?

ಕೊಡಬಾರದು. ಡಯೋಡ್ ರೆಸಿಸ್ಟರಿನಂತೆ ನಡೆದುಕೊಳ್ಳುವುದು ಸಿಗ್ನಲ್ ಚಿಕ್ಕದಾಗಿದ್ದಾಗ ಮಾತ್ರ. ಜೋಡಿ ಡಯೋಡ್ ಸಮವಾಗಿದ್ದರೆ ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಹರ್ಟ್ಸ್‌ನಲ್ಲಿ ಹುಟ್ಟುವ ಬೇಡದ ಸ್ವರ) ಒಂದಕ್ಕೊಂದು ಕಳೆದುಹೋಗುತ್ತದೆ, ಮೂರನೆಯದು ಉಳಿಯುತ್ತದೆ. ಆಳವಾದ ಕಂಪ್ರೆಷನ್ ಇರುವಾಗ ಅದರ ಲೆಕ್ಕ ಹೀಗೆ. ಡಯೋಡಿನ ಮೇಲೆ 10 ಮಿಲಿವೋಲ್ಟ್ ಪೀಕ್ ಇದ್ದರೆ ಸುಮಾರು 0.17 ಶೇಕಡ. 20 ಮಿಲಿವೋಲ್ಟ್‌ಗೆ 0.7. 40 ಮಿಲಿವೋಲ್ಟ್‌ಗೆ 2.8. ಸಿಗ್ನಲ್ ಎರಡು ಪಟ್ಟಾದರೆ ಕೆಡುಕು (ಡಿಸ್ಟಾರ್ಷನ್) ನಾಲ್ಕು ಪಟ್ಟು. ಇಡೀ ವಿನ್ಯಾಸ ಈ ಲೆಕ್ಕದ ಮೇಲೆ ನಿಂತಿದೆ.

ಹಾಗಾದರೆ 1 ಮಿಲಿವೋಲ್ಟ್‌ಗೆ ಇಳಿಸಬಹುದಲ್ಲ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಆಗ ಆಪ್‌ಆಂಪಿನ ಸ್ವಂತ ಗದ್ದಲ ಎದ್ದು ಕಾಣುತ್ತದೆ. 20 ಮಿಲಿವೋಲ್ಟ್ ಪೀಕ್ ಸಿಗ್ನಲ್‌ಗೆ ಎನ್ಇ5532 ಹಾಕಿದರೆ ಸಿಗ್ನಲ್ಲಿಗೂ ಗದ್ದಲಕ್ಕೂ 80 ಡಿಬಿಗಿಂತ ಸ್ವಲ್ಪ ಜಾಸ್ತಿ ಅಂತರ ಸಿಗುತ್ತದೆ. ಅದೇ ಜಾಗಕ್ಕೆ ಟಿಎಲ್072 ಹಾಕಿದರೆ 75ರ ಆಸುಪಾಸು. ಸಿಗ್ನಲ್ಲನ್ನು 1 ಮಿಲಿವೋಲ್ಟ್‌ಗೆ ಇಳಿಸಿದರೆ ಇನ್ನೂ 26 ಡಿಬಿ ಹೋಯಿತು. ಸ್ವಚ್ಛತೆ, ಗದ್ದಲ ಎರಡರ ನಡುವೆ 10ರಿಂದ 20 ಮಿಲಿವೋಲ್ಟ್ ಒಳ್ಳೆಯ ಜಾಗ.

ಎರಡು ಬಗೆಯ ಆಪ್‌ಆಂಪ್ ಯಾಕೆ? ಎಲ್ಲ ಕಡೆ ಒಂದೇ ಹಾಕಿದರೆ?

ಆಡಿಯೋ ದಾರಿಯಲ್ಲಿ ಎನ್ಇ5532ರ ಕಡಿಮೆ ಗದ್ದಲ ಬೇಕು. ಸೈಡ್‌ಚೈನ್‌ನಲ್ಲಿ ಅದೇ ಐಸಿ ತೊಂದರೆ ಕೊಡುತ್ತದೆ. ಅದರ ಕಾಲಿನಲ್ಲಿ ಸುಮಾರು 200 ನ್ಯಾನೊಆಂಪ್ ಬಯಾಸ್ ಕರೆಂಟ್ ಹರಿಯುತ್ತದೆ. 1 ಮೆಗಾಓಮ್ ಮೂಲಕ ಅದು ಹೋದರೆ 0.2 ವೋಲ್ಟ್ ಸುಳ್ಳು ಕಂಟ್ರೋಲ್ ವೋಲ್ಟೇಜ್ ಹುಟ್ಟುತ್ತದೆ. ನಮ್ಮ ಡಯೋಡಿಗೆ 0.1 ವೋಲ್ಟ್ ಅಂದರೆ 18 ಡಿಬಿ ಅನ್ನುವುದನ್ನು ನೆನಪಿಡಿ. ಟಿಎಲ್072ರ ಒಳಗೆ ಜೆಫೆಟ್ ಇರುವುದರಿಂದ ಆ ಕಾಟ ಇಲ್ಲ.

ಎಲ್ಎಂ358 ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಆದರೆ ಆಡಿಯೋ ದಾರಿಗೆ ಬೇಡ. ಅದರ ಕ್ರಾಸ್‌ಓವರ್ ಕೆಡುಕು ಕಿವಿಗೆ ಕೇಳಿಸುತ್ತದೆ.

ಡಯೋಡ್ ಜೋಡಿ ಆರಿಸುವುದು ಹೇಗೆ? ಒಂದೇ ಪಟ್ಟಿಯಿಂದ ಎರಡು ಕಿತ್ತುಕೊಂಡರೆ ಸಾಲದಾ?

ಆರಿಸಲೇಬೇಕು. ಇಪ್ಪತ್ತು ಮೂವತ್ತು 1ಎನ್4148 ತನ್ನಿ, ಒಂದೊಂದರ ಬೆಲೆ ಒಂದೆರಡು ರೂಪಾಯಿ. ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಒಂದೊಂದನ್ನೂ ಅಳೆಯಿರಿ. 1 ಮಿಲಿವೋಲ್ಟ್ ಒಳಗೆ ಸೇರುವ ಜೋಡಿ ಎತ್ತಿಡಿ. ಬೆರಳಿನ ಬಿಸಿಗೇ ಓದು ಬದಲಾಗುತ್ತದೆ, ಒಂದು ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್ ಇಳಿಯುತ್ತದೆ. ಹಾಗಾಗಿ ಡಯೋಡನ್ನು ಬ್ರೆಡ್‌ಬೋರ್ಡಿಗೆ ಚುಚ್ಚಿ, ಅರ್ಧ ನಿಮಿಷ ಬಿಟ್ಟು ಓದಿ. ಫ್ಯಾನ್ ಆಫ್ ಮಾಡಿ.

ಜೋಡಿ ಸರಿ ಇಲ್ಲದಿದ್ದರೆ ಏನಾಗುತ್ತದೆ? 4 ಮಿಲಿವೋಲ್ಟ್ ವ್ಯತ್ಯಾಸ ಇದೆ ಅಂತ ಇಟ್ಟುಕೊಳ್ಳಿ. ಕಂಪ್ರೆಷನ್ ಶುರುವಾದ ಕೂಡಲೇ ಕೂಡುಬಿಂದು 2 ಮಿಲಿವೋಲ್ಟ್ ಪಕ್ಕಕ್ಕೆ ಸರಿಯುತ್ತದೆ. ಅದು 48 ಪಟ್ಟಾಗಿ ಔಟ್‌ಪುಟ್‌ನಲ್ಲಿ 0.1 ವೋಲ್ಟ್ ಆಗುತ್ತದೆ. ಪ್ರತಿ ಮಾತಿನ ಮುಂದೆ ಒಂದು "ಧಪ್". ಹಾರನ್‌ನಲ್ಲಿ ಅಷ್ಟು ತಿಳಿಯದು, ಹೆಡ್‌ಫೋನ್‌ನಲ್ಲಿ ಸಹಿಸಲಾಗದು.

ಆದರೆ ಡಯೋಡಿಗಿಂತ ದೊಡ್ಡ ಕಳ್ಳ ಬೇರೆ ಕಡೆ ಇದ್ದಾನೆ. ಮೈನಸ್ ಕಂಟ್ರೋಲ್ ಮಾಡುವ ಎರಡು ರೆಸಿಸ್ಟರ್‌ಗಳಲ್ಲಿ ಶೇಕಡ 2 ವ್ಯತ್ಯಾಸ ಬಂದರೆ, ಅರ್ಧ ವೋಲ್ಟ್ ಕಂಟ್ರೋಲ್‌ನಲ್ಲಿ 10 ಮಿಲಿವೋಲ್ಟ್ ಅಸಮತೋಲ. ಕೂಡುಬಿಂದು 5 ಮಿಲಿವೋಲ್ಟ್ ಸರಿಯುತ್ತದೆ. ಅದಕ್ಕೇ ಅಲ್ಲಿ 2ಕೆ ಪ್ರೀಸೆಟ್ ಇಟ್ಟಿದ್ದೇವೆ. ಸರಿಪಡಿಸುವ ಬಗೆ: ಆಡಿಯೋ ಇನ್‌ಪುಟ್ ನೆಲಕ್ಕೆ ಜೋಡಿಸಿ. ಥ್ರೆಶೋಲ್ಡ್ ಪಾಟಿನ ನಡುಗಾಲನ್ನು ಅದರ ಜಾಗದಿಂದ ಬಿಡಿಸಿ, ಆ ಆಪ್‌ಆಂಪಿಗೆ ಒಂದು ಸ್ವಿಚ್ ಮೂಲಕ ಒಮ್ಮೆ 0.55 ವೋಲ್ಟ್, ಒಮ್ಮೆ ಸೊನ್ನೆ ಕೊಡಿ. ಔಟ್‌ಪುಟ್ ಕೇಳುತ್ತಾ ಪ್ರೀಸೆಟ್ ತಿರುಗಿಸಿ. "ಧಪ್" ಅತಿ ಕಡಿಮೆ ಆಗುವ ಜಾಗದಲ್ಲಿ ನಿಲ್ಲಿಸಿ ಒಂದು ಹನಿ ನೈಲ್ ಪಾಲಿಶ್ ಹಾಕಿ.

ಹಳೇ ರೇಡಿಯೋದ ಜರ್ಮೇನಿಯಂ ಡಯೋಡ್ ಹಾಕಬಹುದಾ?

ಹಾಕಬಹುದು. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1962ರಲ್ಲೇ ಜರ್ಮೇನಿಯಂ ಬಿಡಿಭಾಗ ಮಾಡಲು ಶುರು ಮಾಡಿತು. ಹಳೇ ಸೆಟ್‌ಗಳಲ್ಲಿ ಒಎ79 ತರಹದ್ದು ಈಗಲೂ ಕಣ್ಣಿಗೆ ಬೀಳುತ್ತದೆ. ಅವು 0.2, 0.3 ವೋಲ್ಟ್‌ಗೇ ಹರಿಯುತ್ತವೆ, ಆದ್ದರಿಂದ ಥ್ರೆಶೋಲ್ಡ್ ಕೆಳಗಿಳಿಯುತ್ತದೆ. ಆದರೆ ಜೋಡಿ ಸಿಗುವುದು ಕಷ್ಟ, ಬಿಸಿಗೆ ಲೀಕೇಜ್ ಏರುತ್ತದೆ. ಈ ಸರ್ಕ್ಯೂಟಿಗೆ ಸಿಲಿಕಾನ್ ಸಾಕು. ಆ ಒಎ79ಗಳನ್ನು ಕ್ರಿಸ್ಟಲ್ ರೇಡಿಯೋಗೆ ಎತ್ತಿಡಿ.

ಸಾಮಾನು ಎಲ್ಲಿ ಸಿಗುತ್ತದೆ?

ರೆಸಿಸ್ಟರ್, ಕೆಪಾಸಿಟರ್, 1ಎನ್4148 ತುಮಕೂರಿನಲ್ಲೇ ರಿಪೇರಿ ಸಾಮಾನಿನ ಅಂಗಡಿಗಳಲ್ಲಿ ಕೇಳಿ. ಶೇಕಡ 1ರ ಮೆಟಲ್ ಫಿಲ್ಮ್ ರೆಸಿಸ್ಟರ್, ಒಳ್ಳೆಯ ಪ್ರೀಸೆಟ್, ಅಸಲಿ ಎನ್ಇ5532 ಬೇಕಾದರೆ ಬೆಂಗಳೂರಿನ ಎಸ್‌ಪಿ ರೋಡ್. ಎಪ್ಪತ್ತು ಕಿಲೋಮೀಟರ್, ಬೆಳಿಗ್ಗೆ ಟ್ರೈನ್ ಹತ್ತಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿಯುತ್ತದೆ. ಭಾನುವಾರ ಹೋಗಬೇಡಿ. ಸಿಎಫ್ಎಲ್ ಬೋರ್ಡಿನಿಂದ ಕಿತ್ತ 1ಎನ್4007 ಇದಕ್ಕೆ ಬದಲಿ ಅಲ್ಲ. ಅದು ಪವರ್ ಸಪ್ಲೈಗೆ ಮಾಡಿದ ನಿಧಾನದ ಡಯೋಡ್.

ಕರೆಂಟ್ ಎಲ್ಲಿಂದ ಕೊಡಬೇಕು?

ಎರಡು 9 ವೋಲ್ಟ್ ಬ್ಯಾಟರಿ. ಒಂದರ ಮೈನಸ್, ಇನ್ನೊಂದರ ಪ್ಲಸ್ ಸೇರುವ ಜಾಗವೇ ನೆಲ. ಮೂರು ಐಸಿ ಸೇರಿ ಸುಮಾರು 14 ಮಿಲಿಆಂಪ್ ಎಳೆಯುತ್ತವೆ. ಹೊಸ ಆಲ್ಕಲೈನ್ ಜೋಡಿ ಒಂದು ಇಡೀ ರಾತ್ರಿಯ ನಾಟಕಕ್ಕೆ ಧಾರಾಳ.

ಹಳ್ಳಿಗಳಲ್ಲಿ ಬ್ಯಾಟರಿಯೇ ನನಗೆ ಇಷ್ಟ. ಜನರೇಟರ್ ಹಾಕಿದಾಗ, ಲೈನ್ ಹೋಗಿ ಬಂದಾಗ ಅಡಾಪ್ಟರ್ ಮೂಲಕ ಬರುವ ಗುಂಯ್ ಶಬ್ದ ಇಲ್ಲಿ 48 ಪಟ್ಟು ಏರುವ ಜಾಗಕ್ಕೇ ನುಗ್ಗುತ್ತದೆ. ಮನೆಯಲ್ಲಿ ಕಾಯಂ ಇಡುವುದಾದರೆ 7812, 7912 ರೆಗ್ಯುಲೇಟರ್ ಇರುವ ಪ್ಲಸ್ ಮೈನಸ್ 12 ವೋಲ್ಟ್ ಸಪ್ಲೈ ಮಾಡಿ, ಟ್ರಾನ್ಸ್‌ಫಾರ್ಮರ್ ದೂರ ಇಡಿ. ಪೆಟ್ಟಿಗೆ ಲೋಹದ್ದೇ ಆಗಿರಲಿ.

ಆಸಿಲೋಸ್ಕೋಪ್ ಇಲ್ಲ. ಹೇಗೆ ಟೆಸ್ಟ್ ಮಾಡಲಿ?

ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಆಡಿಯೋ ಕಾರ್ಡ್, ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ ಸಾಕು. ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅದರ ಅತಿ ಚಿಕ್ಕ ಎಸಿ ರೇಂಜೇ 200 ವೋಲ್ಟ್. ನಾವು ಅಳೆಯಬೇಕಾದದ್ದು ಅರ್ಧ ವೋಲ್ಟ್. ಸ್ವಲ್ಪ ಒಳ್ಳೆಯ ಮೀಟರ್ ಇದ್ದರೂ ಹಲವು 400 ಹರ್ಟ್ಸ್ ದಾಟಿದರೆ ಸರಿಯಾಗಿ ಓದುವುದಿಲ್ಲ, ಹಾಗಾಗಿ ವೋಲ್ಟೇಜ್ ನೋಡುವುದನ್ನು 200 ಹರ್ಟ್ಸ್‌ನಲ್ಲಿ ಮಾಡಿ.

ಮೊದಲು ಕಂಪ್ಯೂಟರಿನಲ್ಲಿ ಸದ್ದನ್ನು "ಚೆಂದ" ಮಾಡುವ ಸೆಟ್ಟಿಂಗ್‌ಗಳನ್ನೆಲ್ಲ ಆಫ್ ಮಾಡಿ. ಫೋನಿನಿಂದ ಟೋನ್ ಕೊಡುವವರೂ ಹಾಗೇ ಮಾಡಿ. ಇಲ್ಲದಿದ್ದರೆ ನೀವು ಅಳೆಯುವುದು ಅವರ ಕಂಪ್ರೆಸರನ್ನು. ಆಮೇಲೆ ನಿಮ್ಮ ಪೆಟ್ಟಿಗೆ ಇಲ್ಲದೆ ಬರೀ ಒಂದು ಕೇಬಲ್‌ನಿಂದ ಔಟ್, ಇನ್ ಜೋಡಿಸಿ ರೆಕಾರ್ಡ್ ಮಾಡಿ. ಅದು ನಿಮ್ಮ ಅಳತೆಗೋಲು. ಇನ್‌ಪುಟ್ ಮೈಕಿನದು ಮಾತ್ರ ಇದ್ದರೆ ನಡುವೆ 10ಕೆ, 1ಕೆ ಡಿವೈಡರ್ ಹಾಕಿ, ಇಲ್ಲದಿದ್ದರೆ ಅದೇ ಕ್ಲಿಪ್ ಆಗುತ್ತದೆ.

ಥ್ರೆಶೋಲ್ಡ್ ಸೊನ್ನೆಗೆ ತಿರುಗಿಸಿ 1,000 ಹರ್ಟ್ಸ್ ಟೋನ್ ಕಳಿಸಿ. ಒಳಗೆ ಹೋದಷ್ಟೇ ಹೊರಗೆ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ, 22ಕೆ, 470 ಓಮ್, 47ಕೆ, 1ಕೆ ನಾಲ್ಕನ್ನು ನೋಡಿ.

ಈಗ ಥ್ರೆಶೋಲ್ಡ್ ಪೂರ್ತಿ ತಿರುಗಿಸಿ. ಟೋನನ್ನು 3 ಡಿಬಿ 3 ಡಿಬಿ ಏರಿಸುತ್ತಾ ಔಟ್‌ಪುಟ್ ಬರೆದುಕೊಳ್ಳಿ. ಒಂದು ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಇನ್‌ಪುಟ್, ಉದ್ದಕ್ಕೆ ಔಟ್‌ಪುಟ್. ಲೆಕ್ಕದ ಪ್ರಕಾರ ಸುಮಾರು ಹೀಗಿರಬೇಕು: ಇನ್‌ಪುಟ್ 0.48 ವೋಲ್ಟ್ ಪೀಕ್ ಇದ್ದಾಗ ಔಟ್‌ಪುಟ್ 0.40. ಇನ್‌ಪುಟ್ 0.96ಕ್ಕೆ 0.48. ಇನ್‌ಪುಟ್ 2.8ಕ್ಕೆ 0.55. ಮೊದಲ ಏರಿಕೆಯಲ್ಲಿ ಅನುಪಾತ 4ಕ್ಕೆ 1ರ ಹತ್ತಿರ (ಇನ್‌ಪುಟ್ 4 ಡಿಬಿ ಏರಿದರೆ ಔಟ್‌ಪುಟ್ 1 ಡಿಬಿ), ಆಮೇಲೆ 8ಕ್ಕೆ 1. ಗೆರೆ ಒಮ್ಮೆಲೇ ಮುರಿಯದೆ ಮೆಲ್ಲಗೆ ಬಾಗುತ್ತದೆ. ಡಯೋಡ್ ಕಂಪ್ರೆಸರಿನ ಅಂದವೇ ಅದು. ನಿಮ್ಮ ಡಯೋಡಿನ ಪ್ರಕಾರ ಅಂಕಿ ಸ್ವಲ್ಪ ಆಚೀಚೆ ಆಗುತ್ತದೆ, ಆಕಾರ ಬದಲಾಗಬಾರದು. ಕಂಪ್ಯೂಟರಿನಿಂದ 2.8 ವೋಲ್ಟ್ ಬರದಿದ್ದರೆ ಖಾಲಿ ಉಳಿದ ಆ ಅರ್ಧ ಆಪ್‌ಆಂಪನ್ನು ಟೆಸ್ಟ್ ಮುಗಿಯುವ ತನಕ ನಾಲ್ಕು ಪಟ್ಟಿನ ಆಂಪ್ಲಿಫೈಯರ್ ಮಾಡಿಕೊಳ್ಳಿ.

ಕೊನೆಗೆ ಹಾರ್ಮೋನಿಕ್. ಆಡಾಸಿಟಿಯಲ್ಲಿ ರೆಕಾರ್ಡಿಂಗ್ ಆರಿಸಿ ಸ್ಪೆಕ್ಟ್ರಮ್ ನೋಡಿ. 3,000 ಹರ್ಟ್ಸ್‌ನಲ್ಲಿ ಗುಡ್ಡ ಇದ್ದೇ ಇರುತ್ತದೆ, ಅದು ಡಯೋಡಿನ ಸ್ವಭಾವ. 2,000ದ ಗುಡ್ಡ ಅದಕ್ಕಿಂತ ಎತ್ತರ ಇದ್ದರೆ ಮೊದಲು ಜೋಡಿ, ಪ್ರೀಸೆಟ್ ಮತ್ತೆ ನೋಡಿ. 50, 100 ಹರ್ಟ್ಸ್‌ನಲ್ಲಿ ಕಂಡರೆ ಅದು ಕರೆಂಟಿನ ಗುಂಯ್. ಇದನ್ನೇ ಶೇಕಡಾ ಲೆಕ್ಕದಲ್ಲಿ ಬೇಕೆಂದರೆ ರೂಮ್ ಇಕ್ಯೂ ವಿಝರ್ಡ್ ಅನ್ನುವ ಉಚಿತ ತಂತ್ರಾಂಶ ಇದೆ.

ಲೆಕ್ಕದಲ್ಲಿ ರಿಲೀಸ್ 1 ಸೆಕೆಂಡ್ ಬರಬೇಕು, ನನಗೆ 0.4 ಬರುತ್ತಿದೆ. ತಪ್ಪೆಲ್ಲಿ?

ತಪ್ಪಿಲ್ಲ. 4.7 ಮೈಕ್ರೊಫ್ಯಾರಡ್, 220ಕೆ ಗುಣಿಸಿದರೆ 1 ಸೆಕೆಂಡ್ ನಿಜ. ಆದರೆ ಅದು ಕೆಪಾಸಿಟರ್ ಶೇಕಡ 63ರಷ್ಟು ಖಾಲಿಯಾಗುವ ಸಮಯ. ನಮ್ಮ ಡಯೋಡ್ ಕೆಲಸ ಮಾಡುವುದು 0.6ರಿಂದ 0.4 ವೋಲ್ಟ್ ನಡುವೆ ಮಾತ್ರ. ಮೂರನೇ ಒಂದು ಭಾಗ ಇಳಿದರೆ ಕಂಪ್ರೆಷನ್ ಮುಗಿಯಿತು. ಅದಕ್ಕೆ 0.4 ಸೆಕೆಂಡ್ ಸಾಕು. ಪಾಟ್ ಪೂರ್ತಿ ತಿರುಗಿಸಿದರೆ ಸುಮಾರು 2.3 ಸೆಕೆಂಡ್ ಬರುತ್ತದೆ.

ಇದನ್ನು ಅಳೆಯಲು ಆಡಾಸಿಟಿಯಲ್ಲಿ ಒಂದೇ ಟೋನನ್ನು ಮೂರು ತುಂಡು ಮಾಡಿ. ಒಂದು ಸೆಕೆಂಡ್ 0.1 ಮಟ್ಟ, ಒಂದು ಸೆಕೆಂಡ್ 0.8, ಮತ್ತೆ ಮೂರು ಸೆಕೆಂಡ್ 0.1. ನಡುವಿನ ಜಿಗಿತ 18 ಡಿಬಿ. ಔಟ್‌ಪುಟ್ ರೆಕಾರ್ಡ್ ಮಾಡಿ ಹಿಗ್ಗಿಸಿ ನೋಡಿದರೆ ಜಿಗಿತದಲ್ಲಿ ಅಟ್ಯಾಕ್, ಇಳಿತದಲ್ಲಿ ರಿಲೀಸ್ ಕಣ್ಣಿಗೇ ಕಾಣುತ್ತದೆ.

ಟೋನ್ ಟೆಸ್ಟ್ ಆಯಿತು. ನಿಜವಾದ ಸದ್ದಿನಲ್ಲಿ ಯಾವುದು ಒಳ್ಳೆಯ ಪರೀಕ್ಷೆ?

ತಮಟೆ. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ಆ ವಾದ್ಯದ ಪೆಟ್ಟು ಎಷ್ಟು ಬೇಗ ಏಳುತ್ತದೆ ಅಂದರೆ, ಕಂಪ್ರೆಸರಿನ ಅಟ್ಯಾಕ್ ಬಗ್ಗೆ ಸುಳ್ಳು ಹೇಳಲು ಅದು ಬಿಡುವುದಿಲ್ಲ. ಅಟ್ಯಾಕ್ 20, 30 ಮಿಲಿಸೆಕೆಂಡ್ ಇಟ್ಟರೆ ಪೆಟ್ಟಿನ ಮೊನೆ ಉಳಿದು ಹಿಂದಿನ ನಾದ ಮಾತ್ರ ಇಳಿಯುತ್ತದೆ, ಚೆನ್ನಾಗಿ ಕೇಳುತ್ತದೆ. 2, 3 ಮಿಲಿಸೆಕೆಂಡಿಗೆ ತಂದರೆ ಪೆಟ್ಟಿನ ಜೀವವೇ ಹೋಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ತುಂಬಾ ಹೊತ್ತು ಮೌನ ಇದ್ದು ಬರುವ ಮೊದಲ ಪೆಟ್ಟು ತಪ್ಪಿಸಿಕೊಳ್ಳುತ್ತದೆ. ಮೌನದಲ್ಲಿ ಕಂಟ್ರೋಲ್ ವೋಲ್ಟೇಜ್ ಸೊನ್ನೆಗೆ ಇಳಿದಿರುತ್ತದೆ. ಅದು 0.4ಕ್ಕೆ ಏರುವ ತನಕ ಡಯೋಡ್ ಮಲಗಿರುತ್ತದೆ. ಎರಡನೇ ಪೆಟ್ಟಿನಿಂದ ಎಲ್ಲ ಸರಿ. ಹಾರನ್ ಕಾಪಾಡುವುದೇ ಮುಖ್ಯ ಆದರೆ ಅಟ್ಯಾಕ್ ಕನಿಷ್ಠಕ್ಕೆ ಇಳಿಸಿ.

ದಪ್ಪ ಸ್ವರದಲ್ಲಿ ಗೊರಗೊರ ಅನ್ನುತ್ತದೆ. ಯಾಕೆ?

ರಿಲೀಸ್ ತುಂಬಾ ಬೇಗ ಇದೆ. 100 ಹರ್ಟ್ಸ್‌ನಲ್ಲಿ ಎರಡು ಪೀಕ್‌ಗಳ ನಡುವೆ 10 ಮಿಲಿಸೆಕೆಂಡ್ ಅಂತರ. ಅಷ್ಟರಲ್ಲಿ ಕಂಟ್ರೋಲ್ ವೋಲ್ಟೇಜ್ 5 ಮಿಲಿವೋಲ್ಟ್ ಜಾರಿದರೂ ವಾಲ್ಯೂಮ್ ಸುಮಾರು 1 ಡಿಬಿ ಅಲುಗಾಡುತ್ತದೆ, ಅದೂ ಪ್ರತಿ ಅಲೆಗೆ ಒಮ್ಮೆ. ಕಿವಿಗೆ ಅದೇ ಗೊರಗೊರ. ಹಾರ್ಮೋನಿಯಂನ ಕೆಳಗಿನ ಸ್ವರ ಹಿಡಿದು ರಿಲೀಸ್ ಪಾಟ್ ನಿಧಾನ ಮಾಡುತ್ತಾ ಹೋಗಿ, ಎಲ್ಲಿ ನಯವಾಗುತ್ತದೋ ಅಲ್ಲಿ ಬಿಡಿ. ಕೆಪಾಸಿಟರ್ ಚಿಕ್ಕದು ಮಾಡುವ ಆಸೆ ಬೇಡ. ಮುಂದೆ ಬೇಕಾದರೆ ಪೂರ್ಣ ಅಲೆಯ ರೆಕ್ಟಿಫೈಯರ್ ಕಟ್ಟಿ, ಆಗ ಅಲುಗಾಟ ಅರ್ಧ ಆಗುತ್ತದೆ.

ಪಾವಗಡದ ಬಿಸಿಲಿಗೆ ಇದು ತಡೆಯುತ್ತದಾ?

ತಡೆಯುತ್ತದೆ. ಹತ್ತು ಡಿಗ್ರಿ ಬಿಸಿ ಏರಿದರೆ ಡಯೋಡ್ 20 ಮಿಲಿವೋಲ್ಟ್ ಕದಲುತ್ತದೆ. ಕಂಟ್ರೋಲ್ ವೋಲ್ಟೇಜನ್ನು ಇನ್‌ಪುಟ್‌ನಿಂದ ತೆಗೆದಿದ್ದರೆ ವಾಲ್ಯೂಮ್ 3.6 ಡಿಬಿ ಕದಲುತ್ತಿತ್ತು. ನಾವು ಔಟ್‌ಪುಟ್‌ನಿಂದ ತೆಗೆದಿದ್ದೇವೆ. ಔಟ್‌ಪುಟ್ ಸ್ವಲ್ಪ ಇಳಿದ ಕೂಡಲೇ ಕಂಟ್ರೋಲ್ ತಾನೂ ಇಳಿದು ಸರಿಮಾಡುತ್ತದೆ. ಕೊನೆಗೆ ಉಳಿಯುವ ವ್ಯತ್ಯಾಸ ಅರ್ಧ ಡಿಬಿಗೂ ಕಡಿಮೆ. ಎರಡೂ ಡಯೋಡ್ ಒಂದಕ್ಕೊಂದು ತಾಗಿಸಿ ಹೀಟ್ ಶ್ರಿಂಕ್ ಹಾಕಿ, ಎರಡಕ್ಕೂ ಒಂದೇ ಬಿಸಿ ಇರಲಿ. ಜೋಡಿ ಕದಲದಿರುವುದೇ ಇಲ್ಲಿ ಹೆಚ್ಚು ಮುಖ್ಯ.

ಕಂಪ್ರೆಸರ್ ಹಾಕಿದ ಮೇಲೆ ಮೈಕ್ ಕೂಗುವುದು ಜಾಸ್ತಿ ಆಯಿತು. ಸರ್ಕ್ಯೂಟ್ ದೋಷವಾ?

ಅಲ್ಲ. ಜೋರು ಸದ್ದು ಇಳಿದದ್ದನ್ನು ನೋಡಿ ಯಾರೋ ಆಂಪ್ಲಿಫೈಯರ್ ವಾಲ್ಯೂಮ್ ಏರಿಸಿರುತ್ತಾರೆ. ಮಾತಿಲ್ಲದ ಹೊತ್ತಿನಲ್ಲಿ ಕಂಪ್ರೆಸರ್ ಪೂರ್ತಿ ಗೇನ್ ಕೊಡುತ್ತದೆ, ಆ ಏರಿಸಿದ ವಾಲ್ಯೂಮ್ ಅಷ್ಟೂ ಕೂಗಾಗಿ ಬರುತ್ತದೆ. ಮೊದಲು ಕಂಪ್ರೆಸರ್ ಇಲ್ಲದೆ ಕೂಗದ ಗರಿಷ್ಠ ವಾಲ್ಯೂಮ್ ಗುರುತು ಮಾಡಿ. ಕಂಪ್ರೆಸರ್ ಹಾಕಿದ ಮೇಲೂ ಆ ಗುರುತು ದಾಟಬೇಡಿ.

ಎಲ್ಲಿ ಜೋಡಿಸಬೇಕು, ಎಲ್ಲಿ ಜೋಡಿಸಬಾರದು?

ಮಿಕ್ಸರಿನ ಔಟ್‌ಪುಟ್‌ಗೂ ಆಂಪ್ಲಿಫೈಯರಿನ ಲೈನ್ ಇನ್‌ಪುಟ್‌ಗೂ ನಡುವೆ. ಮೈಕನ್ನು ನೇರ ಜೋಡಿಸಿದರೆ ಸಿಗ್ನಲ್ ಸಾಲದು. ಮೈಕಿಗೆ ಕರೆಂಟ್ ಕೊಡುವ 48 ವೋಲ್ಟ್ ಫ್ಯಾಂಟಮ್ ಇರುವ ಲೈನಿಗೆ ಇದನ್ನು ಹಾಕಬೇಡಿ. ಆಂಪ್ಲಿಫೈಯರಿನ ಸ್ಪೀಕರ್ ಔಟ್‌ಪುಟ್‌ಗಂತೂ ಮುಟ್ಟಿಸಲೇಬೇಡಿ, ಲ್ಯಾಪ್‌ಟಾಪನ್ನೂ ಮುಟ್ಟಿಸಬೇಡಿ. ಹಾರನ್‌ಗೆ ಹೋಗುವ ಆ ತಂತಿಯಲ್ಲಿ ಹಲವು ಸೆಟ್‌ಗಳಲ್ಲಿ 100 ವೋಲ್ಟ್ ಇರುತ್ತದೆ. ಪೆಟ್ಟಿಗೆಯಲ್ಲಿ ಒಂದು ಬೈಪಾಸ್ ಸ್ವಿಚ್ ಇಡಿ. ಬ್ಯಾಟರಿ ಸತ್ತರೂ ನಾಟಕ ನಿಲ್ಲಬಾರದು.

ಸ್ಟೀರಿಯೋ ಮಾಡಬಹುದಾ?

ಮಾಡಬಹುದು. ಆಡಿಯೋ ದಾರಿ ಎರಡು ಕಟ್ಟಿ, ಕಂಟ್ರೋಲ್ ಒಂದೇ ಇರಲಿ. ಎರಡೂ ಚಾನೆಲಿನ ರೆಕ್ಟಿಫೈಯರ್ ಡಯೋಡ್‌ಗಳ ಕ್ಯಾಥೋಡನ್ನು ಒಂದೇ ಬಿಂದುವಿಗೆ ತಂದು, ಎರಡೂ ಆಪ್‌ಆಂಪಿನ ಮೈನಸ್ ಕಾಲನ್ನು ಅಲ್ಲಿಗೇ ಜೋಡಿಸಿ. ಯಾವ ಚಾನೆಲ್ ಜೋರಾಗಿದೆಯೋ ಅದರ ಮಾತು ನಡೆಯುತ್ತದೆ, ಎರಡೂ ಚಾನೆಲ್ ಒಟ್ಟಿಗೆ ಇಳಿಯುತ್ತವೆ. ಆಗ ಎರಡರ ಬದಲು ನಾಲ್ಕು ಡಯೋಡ್ ಒಂದೇ ಓದಿಗೆ ಹೊಂದಬೇಕು. ನೂರರ ಒಂದು ಪಟ್ಟಿ ತಂದು ಕೂತರೆ ನಾಲ್ಕು ಸಿಗುತ್ತವೆ.